ಹೊಲಿಗೆ ಮಾಯುವ ತನಕ ಜರ್ಮನ್

ಸೇಡಂ ಸೀಮೆಯವರಿಗೆ ಕಲ್ಲು ಹೊಸದಲ್ಲ. ಅಂಗಳದಲ್ಲಿ ಶಾಹಾಬಾದಿನ ಫರಸಿ, ಬಚ್ಚಲಲ್ಲಿ ಫರಸಿ, ಅಡುಗೆಮನೆಯ ಕಟ್ಟೆಯ ಮೇಲೆ ಫರಸಿ, ಮನೆ ಹಳೆಯದಾದರೆ ತಲೆಯ ಮೇಲೂ ಫರಸಿ. ಊರ ಸುತ್ತ ಸುಣ್ಣದ ಕಲ್ಲನ್ನು ಅಗೆದು, ಅರೆದು, ಸುಟ್ಟು, ಚೀಲಕ್ಕೆ ತುಂಬಿ ದೇಶಕ್ಕೆಲ್ಲ ಕಳಿಸುವ ಸಿಮೆಂಟ್ ಕಾರ್ಖಾನೆಗಳು. ವಾಡಿಯಲ್ಲಿ ಇಳಿದರೂ ಚಿಮಣಿ, ಮಳಖೇಡ ದಾಟಿದರೂ ಚಿಮಣಿ. ಇಂಥ ನೆಲದ ನೀರು ಕುಡಿದು ಬೆಳೆದವನ ಹೊಟ್ಟೆಯಲ್ಲಿ ನಾಲ್ಕು ಕಲ್ಲು ಸಿಕ್ಕರೆ ಅದರಲ್ಲಿ ಸೋಜಿಗವೇನು ಎಂಬುದು ನಮ್ಮ ಓಣಿಯ ಸರ್ವಾನುಮತದ ತೀರ್ಪು.

ಕಲಬುರಗಿಯ ಡಾಕ್ಟರು ಹೇಳಿದ್ದು ಬೇರೆ. ಪಿತ್ತಕೋಶದ ಕಲ್ಲಿಗೂ ಕುಡಿಯುವ ನೀರಿನ ಸುಣ್ಣಕ್ಕೂ ಸಂಬಂಧವಿಲ್ಲ; ಪಿತ್ತರಸದಲ್ಲಿ ಕೊಲೆಸ್ಟರಾಲ್ ಹೆಚ್ಚಾಗಿ, ಕರಗದೆ ಉಳಿದು ಹರಳುಗಟ್ಟುವುದೇ ಹೆಚ್ಚಿನವರ ಕಲ್ಲಿಗೆ ಕಾರಣ ಎಂದು ಅವರು ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು. ಓಣಿಯವರಿಗೆ ನಾನು ಅದನ್ನೇ ಹೇಳಿದೆ. "ಡಾಕ್ಟರ್ ಸಾಹೇಬ್ರು ನಮ್ಮೂರ ನೀರ ಕುಡದಿಲ್ಲ ಬಿಡ್ರಿ" ಎಂದು ಒಬ್ಬರು ಮಾತು ಮುಗಿಸಿದರು. ಮತ್ತೊಬ್ಬ ಹಿರಿಯರು ಚಿಕ್ಕಂದಿನಿಂದ ಕಲ್ಲಿನ ಗಣಿಯಲ್ಲಿ ದುಡಿದವರು. ದವಾಖಾನೆಯವರು ಆಪರೇಷನ್ನಿನಲ್ಲಿ ತೆಗೆದ ಕಲ್ಲುಗಳನ್ನು ಹಾಕಿ ನೆನಪಿಗೆಂಬಂತೆ ಕೊಟ್ಟ ಬಾಟಲಿಯನ್ನು ಬೆಳಕಿಗೆ ಹಿಡಿದು, ತಿರುಗಿಸಿ ನೋಡಿ, ವೃತ್ತಿಯ ಗಾಂಭೀರ್ಯದಿಂದಲೇ ಹೇಳಿದರು: "ಮಾಸ್ತರ್, ಇದಕ್ಕ ಪಾಲಿಶ್ ಹಿಡಿಯಂಗಿಲ್ಲ." ನಗಬಾರದೆಂದು ಡಾಕ್ಟರು ಹೇಳಿರಲಿಲ್ಲ, ನಿಜ, ಆದರೆ ಹೊಟ್ಟೆಗೆ ಹೊಲಿಗೆ ಬಿದ್ದವನಿಗೆ ಅದನ್ನು ಯಾರೂ ಹೇಳಬೇಕಾಗಿಲ್ಲ. ದಿಂಬನ್ನು ಹೊಟ್ಟೆಗೊತ್ತಿ ಹಿಡಿದು ನಕ್ಕೆ.

ಮಾತನಾಡಿಸಲು ಬಂದವರಿಗೆ ಬಾಟಲಿಗಿಂತ ಹೆಚ್ಚು ಅನುಮಾನ ಹುಟ್ಟಿಸಿದ್ದು ಅದರ ಪಕ್ಕದಲ್ಲಿದ್ದ ಜರ್ಮನ್ ವ್ಯಾಕರಣದ ಪುಸ್ತಕ. ಬಾಳೆಹಣ್ಣು, ಬಿಸ್ಕೀಟಿನ ಪುಡಿಕೆ ಕೆಳಗಿಟ್ಟು ಅದನ್ನು ಎತ್ತಿಕೊಳ್ಳುವರು, ನಾಲ್ಕು ಹಾಳೆ ತಿರುವುವರು, ನನ್ನ ಮುಖ ನೋಡುವರು. "ಕಲ್ಲ ಇದ್ದದ್ದು ಹೊಟ್ಟ್ಯಾಗೋ ತಲ್ಯಾಗೋ?" ಎಂದು ಕೇಳುವ ಸಲಿಗೆ ಒಬ್ಬ ಗೆಳೆಯನಿಗೆ ಮಾತ್ರ ಇತ್ತು, ಉಳಿದವರು ಅದನ್ನೇ ಕಣ್ಣಿನಲ್ಲಿ ಕೇಳಿದರು. ನಮ್ಮವ್ವನ ಆತಂಕ ಬೇರೆ ತೆರನದು: "ಅಷ್ಟು ದೊಡ್ಡ ಪುಸ್ತಕ ಎದಿಮ್ಯಾಲ ಇಟ್ಕೊಂಡ್ರ ಹೊಲಿಗಿ ಬಿಚ್ಚತಾವ ಯಪ್ಪಾ, ಸುಮ್ಮ ಮಕ್ಕೊ."

ಜರ್ಮನ್ನಿನ ಗೀಳು ನನಗೆ ಹತ್ತಿದ್ದು ಅಕ್ಕನ ಮಗಳಿಂದ. ಆಕೆ ನರ್ಸಿಂಗ್ ಮುಗಿಸಿದ ಹುಡುಗಿ. ಜರ್ಮನಿಯಲ್ಲಿ ಮುದುಕರು ಹೆಚ್ಚು, ಆರೈಕೆ ಮಾಡುವ ಕೈಗಳು ಕಡಿಮೆ. 2024ರ ಅಕ್ಟೋಬರಿನಲ್ಲಿ ಆಗಿನ ಚಾನ್ಸಲರ್ ಓಲಾಫ್ ಶೋಲ್ಜ್ ದೆಹಲಿಗೆ ಬಂದಾಗ, ಭಾರತದ ಕುಶಲ ಕೆಲಸಗಾರರಿಗೆ ವರ್ಷಕ್ಕೆ ಕೊಡುವ ವೀಸಾಗಳನ್ನು 20,000ದಿಂದ 90,000ಕ್ಕೆ ಏರಿಸುವ ಮಾತು ಬಂತು. ಸುದ್ದಿ ನಮ್ಮ ಕಡೆಯ ನರ್ಸಿಂಗ್ ಕಾಲೇಜುಗಳ ಹಾಸ್ಟೆಲ್ಲಿಗೂ ಮುಟ್ಟಿತು. ಆದರೆ ಬಾಗಿಲಲ್ಲಿ ಭಾಷೆ ಕಾವಲು ಕೂತಿದೆ. ಎ1ರಿಂದ ಸಿ2ರವರೆಗೆ ಆರು ಮೆಟ್ಟಿಲು. ನರ್ಸ್ ಎಂದು ಅಲ್ಲಿ ಮಾನ್ಯತೆ ಪಡೆಯಲು ಸಾಮಾನ್ಯವಾಗಿ ಬಿ2 ಏರಿರಬೇಕು. ಓದುವುದು, ಕೇಳಿಸಿಕೊಳ್ಳುವುದು, ಬರೆಯುವುದು, ಮಾತಾಡುವುದು ನಾಲ್ಕಕ್ಕೂ ಪರೀಕ್ಷೆ. ಮೊದಲ ಮೂರನ್ನು ಫೋನು ಕಲಿಸೀತು. ಮಾತಾಡುವುದಕ್ಕೆ ಎದುರಿಗೊಬ್ಬ ಮನುಷ್ಯ ಬೇಕಲ್ಲ? "ಮಾಮಾ, ನೀವೂ ಕಲೀರಿ, ಇಬ್ಬರೂ ಕೂಡಿ ಮಾತಾಡೋಣು" ಎಂದಳು. ಶಾಲೆಯಲ್ಲಿ ಮೂವತ್ತು ಹುಡುಗರ ಮುಂದೆ ಒಬ್ಬನೇ ಮಾತಾಡಿ ಅಭ್ಯಾಸವಾದ ಮಾಸ್ತರನಿಗೆ ಎದುರು ಮಾತಾಡುವವರೊಬ್ಬರು ಸಿಕ್ಕಿದ್ದೇ ಲಾಭವೆಂದು ಒಪ್ಪಿದೆ. ಎ1 ಮುಗಿದು ಎ2 ನಡೆದಿತ್ತು. ಅಷ್ಟರಲ್ಲಿ ಕಲ್ಲು ತಕರಾರು ತೆಗೆಯಿತು.

ಹೊಟ್ಟೆಪಾಡಿಗೆ ಪರಭಾಷೆ ಕಲಿಯುವುದು ಈ ಸೀಮೆಗೆ ಹೊಸ ಸಂಗತಿಯೇನಲ್ಲ. 1948ರ ತನಕ ಇದು ನಿಜಾಮರ ರಾಜ್ಯ. ಕಚೇರಿಯ ಕಾಗದ ಉರ್ದುವಿನಲ್ಲಿ, ಶಾಲೆಯ ಪಾಠ ಉರ್ದುವಿನಲ್ಲಿ. ಮುತ್ಯಾನ ಕಾಲದವರು ಮನೆಯಲ್ಲಿ ಕನ್ನಡ ಮಾತಾಡಿ, ದಫ್ತರದಲ್ಲಿ ಉರ್ದು ಬರೆದು, ಸಂತೆಯಲ್ಲಿ ತೆಲುಗಿನಲ್ಲಿ ಚೌಕಾಸಿ ಮಾಡಿ ಸಂಜೆಗೆ ಮನೆ ಸೇರುತ್ತಿದ್ದರು. 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಅದೇ ಜನ ಕಚೇರಿಯ ಕನ್ನಡವನ್ನು ಹೊಸದಾಗಿ ಕಲಿತರು. ಈಗಲೂ ಅಷ್ಟೇ. ಇತ್ತ ತಾಂಡೂರು, ಅತ್ತ ನಾರಾಯಣಪೇಟೆ, ಎರಡೂ ಕಡೆ ತೆಲುಗು. ಚಿಂಚೋಳಿಯ ತಾಂಡಾಗಳಲ್ಲಿ ಲಂಬಾಣಿ. ಸಿಮೆಂಟ್ ಕಾಲೊನಿಗಳಲ್ಲಿ ಹಿಂದಿ. ವಾಡಿ ಜಂಕ್ಷನ್ನಿನ ಪ್ಲಾಟ್‌ಫಾರಮ್ಮಿನಲ್ಲಿ ಯಾವ ಭಾಷೆಯಲ್ಲಿ ಚಹಾ ಕೇಳಿದರೂ ಚಹಾ ಬರುತ್ತದೆ. ನಮ್ಮ ಕಾಯಿಪಲ್ಯ ಮಾರುವ ಆಯಿ ಗಿರಾಕಿಯ ಮುಖ ನೋಡಿಯೇ ಭಾಷೆ ಬದಲಿಸುತ್ತಾಳೆ. ಆಕೆಗೆ ಯಾರೂ ಎ1 ಸರ್ಟಿಫಿಕೇಟು ಕೊಟ್ಟಿಲ್ಲ. ಹೀಗಾಗಿ ಅಕ್ಕನ ಮಗಳ ಜರ್ಮನ್ನು ಓಣಿಗೆ ಕೂಡಲೇ ಅರ್ಥವಾಯಿತು: ಪಗಾರ ಚಲೋ ಬರುತ್ತದೆ, ಕಲಿಯಲಿ. ಅರ್ಥವಾಗದ್ದು ನನ್ನದು. ರಿಟೈರ್ಮೆಂಟ್ ಹತ್ತಿರ ಬಂದ ಮಾಸ್ತರ, ಅದೂ ಹೊಟ್ಟೆ ಕೊಯಿಸಿಕೊಂಡು ಮಲಗಿದವನು, ಯಾವ ಪಗಾರಕ್ಕಾಗಿ ಡೇರ್, ಡೀ, ಡಾಸ್ ಎಂದು ಗೊಣಗಬೇಕು?

ಅವರ ಬಾಯಿ ಮುಚ್ಚಿಸಲು ನನಗೊಂದು ಒಳ್ಳೆಯ ಉತ್ತರ ಸಿಕ್ಕಿದ್ದು ಹಾಸಿಗೆಯಲ್ಲೇ. ನನ್ನ ಕಲ್ಲು ಹೊರಬಂದ ದಾರಿಯನ್ನು ತೋಡಿದವರೇ ಜರ್ಮನರು! 1882ರ ಜುಲೈಯಲ್ಲಿ ಬರ್ಲಿನ್ನಿನ ಲಾಜರಸ್ ಆಸ್ಪತ್ರೆಯಲ್ಲಿ ಕಾರ್ಲ್ ಲಾಂಗೆನ್‌ಬುಕ್ ಎಂಬ ಸರ್ಜನ್ ಮೊತ್ತಮೊದಲು ಪಿತ್ತಕೋಶವನ್ನೇ ಇಡಿಯಾಗಿ ತೆಗೆದರು. ಅಲ್ಲಿಯವರೆಗೆ ಚೀಲ ಸೀಳಿ ಕಲ್ಲು ಆಯ್ದು ಹೊಲಿಯುವುದು ರೂಢಿ. ಚೀಲ ಉಳಿದರೆ ಮತ್ತೆ ಕಲ್ಲು. ಚೀಲವನ್ನು ತೆಗೆಯಬೇಕಾದ್ದು ಅದರಲ್ಲಿ ಕಲ್ಲು ಇದೆಯೆಂದಲ್ಲ, ಅದು ಕಲ್ಲು ಹುಟ್ಟಿಸುತ್ತದೆಯೆಂದು ಎಂಬುದು ಲಾಂಗೆನ್‌ಬುಕ್ಕರ ವಾದ. ಗಣಿ ಇರುವ ತನಕ ಫರಸಿ ಬರುತ್ತಲೇ ಇರುತ್ತದೆಂದು ತಿಳಿದ ನಮ್ಮೂರವರಿಗೆ ಈ ವಾದ ಬೇಗ ತಿಳಿಯುತ್ತದೆ. ಲಾಂಗೆನ್‌ಬುಕ್ಕರ ರೋಗಿ 43 ವರ್ಷದ ಗಂಡಸು. ಆಪರೇಷನ್ನಿನ ಮರುದಿನವೇ ಸಿಗಾರು ಸೇದುತ್ತ ಮಲಗಿದ್ದನಂತೆ. ಮನೆಗೆ ಹೋಗಲು ಮಾತ್ರ ಆರು ವಾರ ಬೇಕಾಯಿತು. ನನ್ನನ್ನು ಬೇಗ ಮನೆಗೆ ಕಳಿಸಿದರು, ಸಿಗಾರಿನ ಬದಲು ಅಕ್ಕಿಗಂಜಿ ಕೊಟ್ಟರು.

ನೂರು ವರ್ಷ ಕಳೆದ ಮೇಲಿನ ಕಥೆ ಇನ್ನೂ ಸ್ವಾರಸ್ಯದ್ದು. 1985ರ ಸೆಪ್ಟೆಂಬರ್ 12ರಂದು ಬ್ಯೋಬ್ಲಿಂಗನ್ ಎಂಬ ಊರಲ್ಲಿ ಎರಿಶ್ ಮ್ಯೂಹೆ ಎಂಬವರು ಹೊಟ್ಟೆ ಸೀಳದೆ, ತೂತಿನ ಮೂಲಕ ದುರ್ಬೀನು ಇಳಿಸಿ ಪಿತ್ತಕೋಶ ತೆಗೆದರು. ಮರುವರ್ಷ ಜರ್ಮನ್ ಸರ್ಜನ್ನರ ಸಮ್ಮೇಳನದಲ್ಲಿ ಅದನ್ನು ವಿವರಿಸಿದಾಗ ಹಿರಿಯರು ತಾತ್ಸಾರ ಮಾಡಿದರು. ದೊಡ್ಡ ಸರ್ಜನ್ನನ ಕೊಯ್ತ ದೊಡ್ಡದಿರಬೇಕೆಂಬ ಕಾಲ ಅದು. 1987ರಲ್ಲಿ ಫ್ರಾನ್ಸಿನ ಲಿಯಾನಿನಲ್ಲಿ ಫಿಲಿಪ್ ಮೂರೆ ಇದೇ ಕೆಲಸ ಮಾಡಿದ ಮೇಲೆ ಪದ್ಧತಿ ಲೋಕಕ್ಕೆಲ್ಲ ಹರಡಿತು. ಮ್ಯೂಹೆಯವರಿಗೆ ಅವರ ಸಂಘವೇ ದೊಡ್ಡ ಪ್ರಶಸ್ತಿ ಕೊಟ್ಟದ್ದು 1992ರಲ್ಲಿ. "ಅಂದ್ರ ನಿಮ್ಮ ಹೊಟ್ಟಿಗಿ ಜರ್ಮನ್ ಬರ್ತದ, ಬಾಯಿಗಷ್ಟ ಬರಬೇಕಾಗೇದ" ಎಂದ ನಮ್ಮ ಗೆಳೆಯ.

ಬಾಯಿಯ ವಿಷಯ ಬಂತಲ್ಲ. ಆಪರೇಷನ್ನಿನ ಹೊತ್ತಿಗೆ ಗಂಟಲಲ್ಲಿ ಕೊಳವೆ ಇಳಿಸಿರುತ್ತಾರೆ, ಒಂದೆರಡು ದಿನ ಗಂಟಲು ಒರಟೊರಟು. ಜರ್ಮನ್ನಿನಲ್ಲಿ ಗಂಟಲಿನ ಆಳದಿಂದ ಉಜ್ಜಿ ಬರುವ ಒಂದು ಸದ್ದಿದೆ. ಪಾಠ ಹೇಳುವವರು ಅದಕ್ಕಾಗಿ ಬಹಳ ಬೆವರುತ್ತಾರೆ. ಪಕ್ಕದ ಮನೆಯ ಚಾಚಾ ನೋಡಲು ಬಂದಾಗ ಅಕ್ಕನ ಮಗಳು ನನಗೆ ಅದನ್ನೇ ಹೇಳಿಸುತ್ತಿದ್ದಳು. ಅವರು ಸ್ವಲ್ಪ ಹೊತ್ತು ಕೇಳಿ, "ಇಷ್ಟಕ್ಕ ಇಷ್ಟ್ಯಾಕ ತಕಲೀಫು?" ಎಂದು ಒಂದೇ ಏಟಿಗೆ ತಪ್ಪಿಲ್ಲದೆ ಹೇಳಿಬಿಟ್ಟರು. ಖ್ವಾಜಾ ಬಂದೇನವಾಜರ ಊರಿನ ಸೀಮೆ ಇದು. ಖ್ವಾಜಾ ಎಂಬ ಹೆಸರನ್ನು ಗಂಟಲಿಂದ ಸರಿಯಾಗಿ ಹೇಳುವ ಮನುಷ್ಯನಿಗೆ ಬರ್ಲಿನ್ನಿನ ಸದ್ದು ಏನು ದೊಡ್ಡದು? ಅಂದಿನಿಂದ ನನ್ನ ಉಚ್ಚಾರದ ಗುರು ಚಾಚಾ. ಅವರಿಗೆ ಜರ್ಮನ್ನಿನ ಒಂದು ಪದದ ಅರ್ಥವೂ ಗೊತ್ತಿಲ್ಲ. ಉಚ್ಚಾರ ಮಾತ್ರ ನಮ್ಮಿಬ್ಬರಿಗಿಂತ ಶುದ್ಧ.

ಮಲಗಿದವನಿಗೆ ಒದಗುವ ಪಾಠಗಳೂ ಇವೆ. ಡಾಯಿಚೆ ವೆಲ್ಲೆ ಎಂಬ ಜರ್ಮನ್ ಪ್ರಸಾರ ಸಂಸ್ಥೆ ದಿನದ ಸುದ್ದಿಯನ್ನು ಕಲಿಯುವವರಿಗೆಂದೇ ನಿಧಾನವಾಗಿ ಓದಿಸುತ್ತದೆ. ಒಂದೊಂದು ಪದವನ್ನೂ ಕೈಹಿಡಿದು ಹಾದಿ ದಾಟಿಸಿದ ಹಾಗೆ. ಆರೋಗ್ಯವಾಗಿದ್ದಾಗ ಅದನ್ನು ಕೇಳುವ ತಾಳ್ಮೆ ನನಗೆ ಇರಲಿಲ್ಲ. ಒಂದು ಮಗ್ಗುಲಿನಿಂದ ಮತ್ತೊಂದು ಮಗ್ಗುಲಿಗೆ ಹೊರಳಲು ನಾಲ್ಕು ಸಲ ಯೋಚಿಸಬೇಕಾದ ಹೊತ್ತಿನಲ್ಲಿ ಆ ವೇಗ ಸರಿಯಾಗಿ ಹೊಂದಿತು. ಅದೇ ಸಂಸ್ಥೆಯ ನಿಕೋ ಎಂಬ ಹುಡುಗನ ವಿಡಿಯೊ ಪಾಠವೂ ಇದೆ, ಪುಕ್ಕಟೆ. ಸ್ಪೇನಿನಿಂದ ಬಂದಿಳಿಯುತ್ತಲೇ ಚೀಲ ಕಳೆದುಕೊಂಡು, ಭಾಷೆ ಬಾರದೆ ಪರದಾಡುತ್ತ ಅವನು ಜರ್ಮನ್ ಕಲಿಯುತ್ತಾನೆ. ನಮ್ಮವ್ವ ಬದಿಯಲ್ಲಿ ಕೂತು ನೋಡುತ್ತಿದ್ದಳು. ಮಾತು ತಿಳಿಯದಿದ್ದರೂ ಕಥೆಯೆಲ್ಲ ತಿಳಿಯುತ್ತಿತ್ತು. "ಆ ಹುಡುಗನ ಚೀಲ ಸಿಕ್ತೇನು?" ಎಂದು ದಿನಾ ವಿಚಾರಿಸುತ್ತಿದ್ದಳು. ಹೊಲಿಗೆ ಬಿಚ್ಚುವ ಭಯ ಹಿಂದೆ ಬಿದ್ದಿತ್ತು.

ವ್ಯಾಕರಣವೂ ಹಾಸಿಗೆಯಲ್ಲಿ ಬೇರೆಯಾಗಿಯೇ ಕಾಣುತ್ತದೆ. ಜರ್ಮನ್ನಿನ ಕೆಲವು ಕ್ರಿಯಾಪದಗಳಿಗೆ ನನ್ನ ಹಾಗೆಯೇ ಕತ್ತರಿ ಬಿದ್ದಿರುತ್ತದೆ: ತಲೆಯ ತುಂಡನ್ನು ಕತ್ತರಿಸಿ ವಾಕ್ಯದ ಕಟ್ಟಕಡೆಗೆ ಇಡುತ್ತಾರೆ, ಆದರೂ ಅದು ಬದುಕಿರುತ್ತದೆ. ಕಾರಣ ಹೇಳುವ ಉಪವಾಕ್ಯ ಬಂದರಂತೂ ಕ್ರಿಯಾಪದವೆಲ್ಲ ಕೊನೆಗೆ ಹೋಗಿ ಕೂಡುತ್ತದೆ. ಇಂಗ್ಲಿಷ್ ಮಾತ್ರ ಕಲಿತವರು ಇಲ್ಲಿ ಎಡವುತ್ತಾರೆ. ನಮಗೇನು, ಕನ್ನಡದಲ್ಲಿ ಕ್ರಿಯಾಪದ ಇರುವುದೇ ಕೊನೆಯಲ್ಲಿ. ವಿಭಕ್ತಿ ಅವರಿಗೆ ನಾಲ್ಕೇ. ಏಳು ವಿಭಕ್ತಿ ಬಾಯಿಪಾಠ ಮಾಡಿ ಮಾಸ್ತರರ ಏಟು ತಿಂದವರು ನಾಲ್ಕಕ್ಕೆ ಹೆದರುತ್ತೇವೆಯೇ? ಹೆದರಿಸುವುದು ಲಿಂಗ. ಕನ್ನಡದಲ್ಲಿ ಕುರ್ಚಿ, ಮೇಜು, ಗುಳಿಗೆ ಎಲ್ಲ ನಪುಂಸಕ, ಚಿಂತೆಯಿಲ್ಲ. ಅಲ್ಲಿ ಕುರ್ಚಿಯ ಲಿಂಗ ಬೇರೆ, ಗುಳಿಗೆಯದು ಬೇರೆ, ಯಾಕೆಂದು ಕೇಳಬಾರದು.

ಈ ವಿಭಕ್ತಿಯ ಪಾಠದಲ್ಲೇ ನನಗೆ ನನ್ನ ಸ್ಥಿತಿ ತಿಳಿಯಿತು. ನೋವು, ವಾಕರಿಕೆ, ಚಳಿ ಹೇಳುವಾಗ ಜರ್ಮನರು ನಮ್ಮಂತೆಯೇ ಮನುಷ್ಯನನ್ನು ಚತುರ್ಥಿಯಲ್ಲಿ ಕೂರಿಸುತ್ತಾರೆ. ನನಗೆ ನೋವು, ನನಗೆ ಚಳಿ. ರೋಗಿಯಾದವನ ದಿನವೆಲ್ಲ ಹಾಗೇ ಅಲ್ಲವೇ? ನನಗೆ ಗುಳಿಗೆ, ನನಗೆ ಗಂಜಿ, ನನಗೆ ಸೂಜಿ, ನನಗೆ ಬಂದವರ ಉಪದೇಶ. ಎಲ್ಲವೂ ನನಗೆ ಆಗುತ್ತದೆ, ನಾನು ಮಾಡುವುದು ಏನೂ ಇಲ್ಲ. ಮಿರ್ಚಿ ಭಜಿಯ ವಾಸನೆ ಬೀದಿಯಿಂದ ಬಂದರೂ ಎದ್ದು ಹೋಗುವಂತಿಲ್ಲ, ಕರಿದದ್ದು ಸದ್ಯಕ್ಕೆ ವರ್ಜ್ಯ. ಶೇಂಗಾ ಹಿಂಡಿ ಕೂಡ ಚಮಚದ ತುದಿಯಲ್ಲಿ. ಇಂಥ ದಿನದಲ್ಲಿ ನಾನು ಕರ್ತೃವಾಗಿ ಉಳಿದಿದ್ದ ಒಂದೇ ಹೊತ್ತೆಂದರೆ ಪಾಠದ ಹೊತ್ತು. ಹತ್ತು ಪದ ಕಲಿತವನು ನಾನು, ಎರಡು ವಾಕ್ಯ ಕಟ್ಟಿದವನು ನಾನು. "ಮಾಮಾ, ಕ್ರಿಯಾಪದ ಎಲ್ಲಿ ಹೋತು?" ಎಂದು ಅಕ್ಕನ ಮಗಳು ಗದರಿದಾಗ ಹಾಯೆನಿಸಿತು, ಯಾಕೆಂದರೆ ಮನೆಯಲ್ಲಿ ನನ್ನನ್ನು ಗದರುವ ಪ್ರಾಣಿ ಅವಳೊಬ್ಬಳೇ ಉಳಿದಿದ್ದಳು. ಉಳಿದವರೆಲ್ಲ ಅನುಕಂಪದಿಂದ ಮಾತಾಡುತ್ತಿದ್ದರು. ಅನುಕಂಪ ಒಳ್ಳೆಯದೇ, ಆದರೆ ಅದರಲ್ಲಿ ಮನುಷ್ಯ ಮೆತ್ತಗಾಗುತ್ತಾನೆ. ನಿನ್ನಿಂದ ಇನ್ನೂ ಏನೋ ಆಗಬೇಕಾಗಿದೆ ಎಂದು ಕೇಳುವವರೊಬ್ಬರು ಹಾಸಿಗೆಯ ಬದಿಯಲ್ಲಿ ಇದ್ದರೆ ಔಷಧ ಬೇಗ ಹತ್ತುತ್ತದೆ ಎಂಬುದು ನನ್ನ ನಂಬಿಕೆ. ಡಾಕ್ಟರನ್ನು ಕೇಳಿಲ್ಲ.

ಹೊಟ್ಟೆ ಕೊಯ್ದರೆ ಭುಜ ಯಾಕೆ ನೋಯಬೇಕು ಎಂಬುದನ್ನು ಮಾತ್ರ ಕೇಳಿದೆ. ದುರ್ಬೀನಿಗೆ ಜಾಗ ಮಾಡಲು ಹೊಟ್ಟೆಗೆ ಇಂಗಾಲದ ಡೈಆಕ್ಸೈಡ್ ತುಂಬುತ್ತಾರಂತೆ. ಅದು ವಪೆಯನ್ನು ಕೆಣಕಿದರೆ, ವಪೆಯ ನರ ಕುತ್ತಿಗೆಯಿಂದ ಇಳಿದದ್ದಾದ್ದರಿಂದ ನೋವು ಭುಜದಲ್ಲಿ ಕಾಣಿಸುತ್ತದೆಯಂತೆ. ಸುಣ್ಣದ ಕಲ್ಲನ್ನು ಭಟ್ಟಿಯಲ್ಲಿ ಸುಟ್ಟಾಗ ಹೊರಡುವುದೂ ಇದೇ ಅನಿಲ. ಊರ ಚಿಮಣಿಗೂ ನನ್ನ ಭುಜಕ್ಕೂ ಹೀಗೊಂದು ನೆಂಟಸ್ತಿಕೆ ಕುದುರಿತು.

ಕಲ್ಲಿನ ನೆಂಟಸ್ತಿಕೆ ಜರ್ಮನಿಯವರೆಗೂ ಹೋಗುತ್ತದೆ. ಬವೇರಿಯಾದ ಜೋಲ್ನ್‌ಹೋಫನ್ ಎಂಬಲ್ಲಿ ನಮ್ಮ ಫರಸಿಯಂತೆಯೇ ಹಾಳೆ ಹಾಳೆಯಾಗಿ ಏಳುವ ಸುಣ್ಣದ ಕಲ್ಲಿದೆ. ನಮ್ಮದು ಅದಕ್ಕಿಂತ ಬಹಳ ಹಳೆಯದು. ಆದರೆ ಅದರ ಕಣ ಬಲು ನುಣುಪು. ಹಕ್ಕಿಗಳ ಹಿರಿಯಜ್ಜನೆನ್ನಿಸಿಕೊಂಡ ಆರ್ಕಿಯಾಪ್ಟೆರಿಕ್ಸಿನ ಗರಿಯ ಗುರುತು ಕೂಡ ಅದರಲ್ಲಿ ಉಳಿದಿತ್ತು. 1796ರ ಸುಮಾರಿಗೆ ಅಲೋಯಿಸ್ ಸೆನೆಫೆಲ್ಡರ್ ಆ ಕಲ್ಲಿನ ಮೇಲೆ ಬರೆದು ಕಾಗದಕ್ಕೆ ಅಚ್ಚೊತ್ತುವ ವಿದ್ಯೆ ಕಂಡುಹಿಡಿದ. ಅದೇ ಕಲ್ಲಚ್ಚು. ಬಾಸೆಲ್ ಮಿಶನ್ನಿನವರು ಈ ವಿದ್ಯೆಯನ್ನು ಮಂಗಳೂರಿಗೆ ತಂದರು. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಹೊರಡಿಸಿದ ಕನ್ನಡದ ಮೊದಲ ಪತ್ರಿಕೆ 'ಮಂಗಳೂರು ಸಮಾಚಾರ' ಕಲ್ಲಚ್ಚಿನಲ್ಲೇ ಬಂತು. ನಾವು ಕಲ್ಲನ್ನು ನೆಲಕ್ಕೆ ಹಾಸಿ ತುಳಿದೆವು, ಅವರು ಅದರ ಮೇಲೆ ಕನ್ನಡ ಬರೆದರು ಎಂದು ನಾಟಕೀಯವಾಗಿ ಹೇಳಬಹುದು. ಆದರೆ ಶಾಸನ ಕೊರೆದವರ ನಾಡಿನಲ್ಲಿ ನಿಂತು ಹಾಗೆನ್ನುವುದು ಅನ್ಯಾಯ. ಚಿತ್ತಾಪುರ ತಾಲ್ಲೂಕಿನ ಸನ್ನತಿಯ ಬದಿಯ ಕನಗನಹಳ್ಳಿಯಲ್ಲಿ ಅಶೋಕನ ಹೆಸರನ್ನೂ ರೂಪವನ್ನೂ ಒಟ್ಟಿಗೆ ಕೊರೆದಿಟ್ಟ ಕಲ್ಲು ಸಿಕ್ಕಿದ್ದು ಇದೇ ಸೀಮೆಯಲ್ಲಿ.

ಕಲಬುರಗಿಯಿಂದ ಮನೆಗೆ ಕರೆತರುವಾಗ ಕಾರು ಮಳಖೇಡದ ಮೇಲೆಯೇ ಬಂತು. ರಸ್ತೆಯ ಗುಂಡಿ ಒಂದೊಂದನ್ನೂ ಹೊಲಿಗೆಗಳು ಎಣಿಸುತ್ತಿದ್ದವು. ಕಾಗಿಣಾ ನದಿ ಕಂಡಾಗ ಮನಸ್ಸು ಬೇರೆ ಕಡೆ ಹೊರಳಿತು. ರಾಷ್ಟ್ರಕೂಟರ ಮಾನ್ಯಖೇಟ ಇದೇ. ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ 'ಕವಿರಾಜಮಾರ್ಗ' ಹುಟ್ಟಿತು. ಕಾವೇರಿಯಿಂದ ಗೋದಾವರಿಯ ತನಕ ಕನ್ನಡದ ನಾಡು ಎಂದು ಎಲ್ಲೆ ಹೇಳಿದ ಪುಸ್ತಕ ಅದು. ದೇಸಿ ಕನ್ನಡಗಳು ಎಷ್ಟು ಬಗೆಯವೆಂದರೆ ವಾಸುಕಿಗೂ ಬೇಸರ ಬಂದೀತು ಎಂದದ್ದೂ ಅದೇ. ಆ ಮಾತು ಹುಟ್ಟಿದ ತಾಲ್ಲೂಕಿನಲ್ಲೇ ನಮ್ಮ ಮಕ್ಕಳು ಮನೆಯಲ್ಲಿ ಒಂದು ಕನ್ನಡ ಆಡಿ, ಪಠ್ಯಪುಸ್ತಕದಲ್ಲಿ ಇನ್ನೊಂದು ಕನ್ನಡ ಓದಿ, ಪರೀಕ್ಷೆಯಲ್ಲಿ ಎರಡರ ನಡುವೆ ಸಿಕ್ಕಿಬೀಳುತ್ತಾರೆ.

ಅಕ್ಕನ ಮಗಳಿಗೆ ಕಾದಿರುವುದೂ ಅದೇ. ಅವಳು ಹೋಗಬೇಕೆಂದಿರುವುದು ಸ್ಟುಟ್‌ಗಾರ್ಟಿನ ಕಡೆ. ಅಲ್ಲಿಯ ಮುದುಕರು ಪುಸ್ತಕದ ಜರ್ಮನ್ ಆಡುವುದಿಲ್ಲ, ಶ್ವಾಬಿಷ್ ಎಂಬ ತಮ್ಮ ದೇಸಿಯನ್ನೇ ಆಡುತ್ತಾರೆ. ಬಿ2 ಪಾಸಾಗಿ ಹೋದವರೂ ಮೊದಲ ವಾರ ಕಣ್ಣುಬಾಯಿ ಬಿಡುತ್ತಾರಂತೆ. ನನ್ನ ಹೊಟ್ಟೆಯ ಉಪಕಾರಿ ಮ್ಯೂಹೆಯವರ ಬ್ಯೋಬ್ಲಿಂಗನ್ ಇರುವುದು ಅದೇ ಸೀಮೆಯಲ್ಲಿ. ಅಲ್ಲಿಂದ ಟ್ಯೂಬಿಂಗನ್ ದೂರವಿಲ್ಲ. ಬಾಸೆಲ್ ಮಿಶನ್ನಿನ ಫರ್ಡಿನಂಡ್ ಕಿಟೆಲ್ ಕೊನೆಯ ದಿನಗಳನ್ನು ಕಳೆದು 1903ರಲ್ಲಿ ತೀರಿಕೊಂಡ ಊರು ಅದು. 1853ರಲ್ಲಿ, ಇಪ್ಪತ್ತೊಂದರ ಹುಡುಗ, ಕನ್ನಡದ ಒಂದಕ್ಷರವೂ ತಿಳಿಯದೆ ಈ ನೆಲಕ್ಕೆ ಬಂದಿಳಿದವರು. ನಾಲ್ಕು ದಶಕ ಕಳೆದ ಮೇಲೆ, 1894ರಲ್ಲಿ, ಸುಮಾರು 70,000 ಪದಗಳ ಕನ್ನಡ ನಿಘಂಟು ಕೊಟ್ಟರು. ನಮ್ಮ ಹವೆಗೆ ಒಗ್ಗದೆ ಜ್ವರ, ಭೇದಿಯಲ್ಲಿ ನವೆದ ಮಿಶನರಿಗಳ ಬಳಗ ಅದು. ಕೆಲವರು ಇಲ್ಲಿಯೇ ಮಣ್ಣಾದರು. ಆರೋಗ್ಯ ಸುಧಾರಿಸಿದ ಮೇಲೆ ಕನ್ನಡ ಕಲಿಯೋಣ ಎಂದು ಅವರೆಲ್ಲ ಕಾದಿದ್ದರೆ ನಮ್ಮ ಕಪಾಟಿನಲ್ಲಿ ಆ ದಪ್ಪ ಪುಸ್ತಕ ಇರುತ್ತಿರಲಿಲ್ಲ. ಹಾಗೆಂದು ಅವರ ಸಾಲಿನಲ್ಲಿ ನನ್ನ ಮಂಚ ಎಳೆದು ಹಾಕುವ ಧೈರ್ಯ ನನಗಿಲ್ಲ. ಅವರದು ನಿಘಂಟು, ನನ್ನದು ದಿನಕ್ಕೆ ಹತ್ತು ಪದ. ಅದರಲ್ಲಿ ನಾಲ್ಕು ಮರುದಿನಕ್ಕೆ ಮಾಯ.

ಕಾಯಿಲೆಯಲ್ಲೂ ಓದು ಬಿಡಲಿಲ್ಲ ನೋಡಿ ಎಂದು ಈಗ ಕೆಲವರು ಹೊಗಳತೊಡಗಿದ್ದಾರೆ. ಈ ಹೊಗಳಿಕೆಯಲ್ಲಿ ಹುರುಳಿಲ್ಲ. ಹಾಸಿಗೆಯಲ್ಲಿ ಓದುವುದು ಏನು ಮಹಾ? ಊಟ ಕೈಗೆ ಬರುತ್ತಿತ್ತು, ಫೋನು ಬಂದರೆ ಬೇರೆಯವರು ಎತ್ತುತ್ತಿದ್ದರು, ಮದುವೆ ಮುಂಜಿಗೆ ಹೋಗದಿದ್ದರೂ ಯಾರೂ ಮುನಿಯುತ್ತಿರಲಿಲ್ಲ. ಕ್ರಿಯಾಪದ ಒಂದೇ ಇತ್ತು, ಕರ್ತೃವೂ ಒಬ್ಬನೇ. ಹೊಲಿಗೆ ಮಾದ ಕೂಡಲೇ ನೋಡಿ: ನಾನು ಶಾಲೆಗೆ ಹೋಗಬೇಕು, ನಾನು ಗಣತಿಯ ಮನೆ ಸುತ್ತಬೇಕು, ನಾನು ತೊಗರಿ ರಾಶಿಗೆ ಹೊಲಕ್ಕೆ ಹೋಗಬೇಕು, ನಾನು ಬ್ಯಾಂಕಿನಲ್ಲಿ ಸಹಿ ಹಾಕಬೇಕು, ಮಾತನಾಡಿಸಲು ಬಂದವರೆಲ್ಲರ ಮನೆಗೂ ತಿರುಗಿ ಹೋಗಿ ನಾನು ಚಹಾ ಕುಡಿದು ಬರಬೇಕು. ಪ್ರಥಮಾ ವಿಭಕ್ತಿಗೆ ಮರಳಿದ್ದೇನೋ ಸರಿ, ಬೆನ್ನಿಗೆ ನೂರು ಕ್ರಿಯಾಪದಗಳು ಬಿದ್ದಿವೆ. ಅವುಗಳ ಸಾಲಿನಲ್ಲಿ ಜರ್ಮನ್ ಕಲಿಯುವುದು ಕಟ್ಟಕಡೆಗೆ ಹೋಗಿ ಕೂತಿದೆ.

ಮೊನ್ನೆ ಡಾಕ್ಟರು ನೋಡಿ, ಎಲ್ಲ ಸರಿಯಾಗಿದೆ, ಇನ್ನು ಏನು ಬೇಕಾದರೂ ಮಾಡಬಹುದು ಎಂದರು. ರೋಗಿಗೆ ಹೇಳುವ ಮಾತುಗಳಲ್ಲೆಲ್ಲ ಇದೇ ಅಪಾಯದ್ದು. ಅಕ್ಕನ ಮಗಳಿಗೆ ಸುದ್ದಿ ಹೇಳಿದೆ. ಅವಳ ಪರೀಕ್ಷೆ ಹತ್ತಿರ ಬಂದಿದೆ, ಮಾತಾಡಲು ಎದುರಿಗೊಬ್ಬರು ಬೇಕೇ ಬೇಕು. "ಆರಾಮ ಆಗೀರಂದ್ರ ನೆಪ ತಗದೀರಿ ಮತ್ತ ಮಾಮಾ, ಸಂಜಿ ಏಳಕ್ಕ ಬರ್ತೀನಿ" ಎಂದಳು. ಆ ಹೊತ್ತಿಗೆ ಬೀದಿಯಲ್ಲಿ ಮಿರ್ಚಿ ಭಜಿ ಬಾಣಲಿಗೆ ಬೀಳುತ್ತದೆ ಎಂದು ನೆನಪು ಮಾಡಿಕೊಟ್ಟೆ. ಬರುವಾಗ ಕಟ್ಟಿಸಿಕೊಂಡು ಬರುತ್ತಾಳಂತೆ. ಆದರೆ ಬೇಕೆಂದು ಕೇಳಬೇಕಾದ್ದು ಜರ್ಮನ್ನಿನಲ್ಲಿ, ಕ್ರಿಯಾಪದ ಸರಿಯಾದ ಜಾಗದಲ್ಲಿಟ್ಟು.